ವೇಲ್ಸಿನ ಹುಲ್ಲಿಗೆ ಹೊರಟ ಅಯ್ಯಣ್ಣ

ಜಾಲಹಳ್ಳಿಯ ಅಯ್ಯಣ್ಣನಿಗೆ ಓದು ಬರುತ್ತಿರಲಿಲ್ಲ. ಆದರೆ ಸಂಜೆ ಹಟ್ಟಿಗೆ ಮರಳಿದ ಕುರಿಯ ಹೊಟ್ಟೆಯ ಮೇಲೆ ಕೈಯಾಡಿಸಿ, ಅದು ಯಾರ ಹೊಲದಲ್ಲಿ ಏನು ಮೇಯ್ದು ಬಂದಿದೆ ಎಂದು ಹೇಳಬಲ್ಲವನಾಗಿದ್ದ. ಹೊಲದವರು ಜಗಳಕ್ಕೆ ಬರುವ ಮೊದಲೇ ಅವನ ಬಾಯಲ್ಲಿ ಸಮಾಧಾನದ ಮಾತು ಸಿದ್ಧವಾಗಿರುತ್ತಿದ್ದುದು ಈ ವಿದ್ಯೆಯಿಂದಲೇ.

1977ರ ಹೋಳಿ ಹುಣ್ಣಿಮೆ ಮುಗಿದು ನಾಲ್ಕು ದಿನವಾಗಿತ್ತು. ದೇವದುರ್ಗದಿಂದ ಬಂದ ಬಸ್ಸಿನ ಕಂಡಕ್ಟರ್ ಅವನ ಹೆಂಡತಿ ಕನಕಮ್ಮನ ಕೈಗೆ ಒಂದು ಲಕೋಟೆ ಕೊಟ್ಟು ಹೋದ. ಒಳಗೆ ಫೋಟೋ ಇತ್ತು. ಕನಕಮ್ಮನ ತಮ್ಮ ಹಂಪಯ್ಯ ಮಾನ್ವಿಯ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಹೊಸದಾಗಿ ಮದುವೆಯಾದವನು, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೆಗೆಸಿದ ಫೋಟೋ ಅದು.

"ನೋಡಿಲ್ಲಿ, ನನ್ನ ತಮ್ಮ ಕೋಟು ಹಾಕ್ಯಾನ!" ಎಂದಳು ಕನಕಮ್ಮ. "ಹಮಾಲಿ ಮಾಡಾಂವ ಕೋಟು ಹಾಕ್ಯಾನಂದ್ರ ಏನು ಸುಮ್ನ ಮಾತಾ?"

ಅಯ್ಯಣ್ಣ ಫೋಟೋವನ್ನು ಬಿಸಿಲಿಗೆ ಹಿಡಿದ. "ಕೋಟು ಬಿಡು. ಹಿಂದ ನೋಡು."

ಜೋಡಿಯ ಹಿಂದೆ ದುಂಡನೆಯ ಗುಡ್ಡಗಳು ಒಂದರ ಬೆನ್ನಿಗೊಂದು ಒರಗಿ ನಿಂತಿದ್ದವು. ಗುಡ್ಡಗಳ ನಡುವಿನ ತಗ್ಗಿನಲ್ಲಿ ಒಂದು ಹೊಳೆ, ಹೊಳೆಗೆ ಕಲ್ಲಿನ ಸೇತುವೆ. ಇಳಿಜಾರಿನ ತುಂಬ ಸಣ್ಣ ಸಣ್ಣ ಹೊಲಗಳು. ಹೊಲಹೊಲಕ್ಕೂ ಕಲ್ಲಿನ ಗೋಡೆ. ಆ ಗೋಡೆಗಳು ಗುಡ್ಡವನ್ನೇರಿ ಆಚೆ ಇಳಿದು ಹೋಗಿದ್ದವು. ಎಲ್ಲ ಕಡೆಯೂ ಕುರಿ.

"ಇಪ್ಪತ್ಮೂರು ಕಾಣಾಕತ್ತಾವ," ಎಂದ ಅಯ್ಯಣ್ಣ. "ಒಂದೂ ತಲಿ ಎತ್ತಿಲ್ಲ. ಕುರಿ ತಲಿ ಎತ್ತದಂಗ ಮೇಯಬೇಕಂದ್ರ ಹುಲ್ಲು ಎಷ್ಟಿರಬೇಕು? ಕಾಯಾಂವ ಒಬ್ಬನೂ ಇಲ್ಲ. ಯಾಕಿಲ್ಲ? ಅವು ಬ್ಯಾರೆ ಕಡಿ ಹೋಗೂ ಜರೂರೇ ಇಲ್ಲ."

ಫೋಟೋ ಕಪ್ಪು ಬಿಳುಪಿನದು. ಅದರಲ್ಲಿ ಹಸಿರು ಇರಲಿಲ್ಲ. ಆದರೂ ಕುರಿಯ ಹೊಟ್ಟೆಯ ಸುತ್ತಳತೆಯಿಂದ ಅಯ್ಯಣ್ಣ ಹಸಿರನ್ನು ಲೆಕ್ಕ ಹಾಕಿಬಿಟ್ಟಿದ್ದ. ಫೋಟೋದ ಬೆನ್ನಿಗೆ ಒತ್ತಿದ ಮುದ್ರೆಯನ್ನು ಕಿರಾಣಿ ಅಂಗಡಿಯವನು ಓದಿ, ಮಾನ್ವಿ ಎಂದು ಬರೆದಿದೆ ಎಂದ. ತುಂಗಭದ್ರಾ ಕಾಲುವೆ ಬಂದ ಮೇಲೆ ಮಾನ್ವಿ ಕಡೆ ಏನೇನೋ ಆಗಿದೆಯೆಂದು ಜಾಲಹಳ್ಳಿಯವರು ಇಪ್ಪತ್ತು ವರ್ಷದಿಂದ ಕೇಳುತ್ತಲೇ ಇದ್ದರು. ಹೀಗೂ ಆಗಿರಬಹುದು ಎಂದು ಯಾರಿಗಾದರೂ ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಎಂಬತ್ತು ಕುರಿ, ಒಂದು ಕತ್ತೆ, ಒಂದು ನಾಯಿ ಹೊರಟವು. ಕನಕಮ್ಮನೂ ಹೊರಟಳು. "ನಿನಗ ಹುಲ್ಲು, ನನಗ ಕೋಟು," ಎಂದಳು. "ಇಬ್ಬರೂ ಕೂಡೇ ನೋಡೂಣು."

ಅವರು ನಡೆಯುತ್ತಿರಲಿ. ಅಷ್ಟರಲ್ಲಿ ಆ ಹುಲ್ಲು ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ.

ಮಾನ್ವಿಯ ಹಳೆ ಬಸ್‌ಸ್ಟ್ಯಾಂಡಿನ ಎದುರು ವೆಂಕೋಬನ ಫೋಟೋ ಸ್ಟುಡಿಯೋ ಇತ್ತು. ಗಿರಾಕಿಗಳ ಬೆನ್ನ ಹಿಂದೆ ಇಳಿಬಿಡುತ್ತಿದ್ದ ಹಳೆಯ ಪರದೆಯಲ್ಲಿ ಅರಮನೆಯ ಮೆಟ್ಟಿಲು ಬರೆದಿತ್ತು. ಮೆಟ್ಟಿಲುಗಳನ್ನು ಇಲಿ ತಿಂದು ಹಾಕಿದ್ದವು. ಹೊಸ ಪರದೆ ಬೇಕಾಯಿತು. ಹತ್ತಿ ಮಿಲ್ಲಿಗೆ ವಿಲಾಯತಿಯಿಂದ ಯಂತ್ರದ ಜೊತೆ ಬಂದ ಕ್ಯಾಲೆಂಡರೊಂದನ್ನು ವೆಂಕೋಬ ಹಂಪಯ್ಯನ ಕೈಯಿಂದಲೇ ತರಿಸಿಕೊಂಡು, ಬೋರ್ಡು ಬರೆಯುವ ದಸ್ತಗೀರ್ ಸಾಬನ ಮುಂದಿಟ್ಟ. "ಸಾಬ್ರ, ಇದನ್ನ ಗ್ವಾಡಿ ಅಗಲಕ್ಕ ಬರೀರಿ."

ದಸ್ತಗೀರ್ ಸಾಬ್ ಎತ್ತಿನ ಬಂಡಿ, ಲಾರಿ, ಚಹಾದಂಗಡಿ, ವಕೀಲರ ನಾಮಫಲಕ ಎಲ್ಲ ಬರೆದಿದ್ದ. ಇಷ್ಟು ಹುಲ್ಲು ಬರೆದಿರಲಿಲ್ಲ. ಮಾನ್ವಿಯ ಅಂಗಡಿಗಳಲ್ಲಿದ್ದ ಹಸಿರು ಬಣ್ಣವೆಲ್ಲ ಎರಡನೆಯ ಗುಡ್ಡಕ್ಕೇ ಮುಗಿಯಿತು. ಮೂರನೆಯ ಗುಡ್ಡಕ್ಕೆ ರಾಯಚೂರಿಗೆ ಹೋಗಿ ಬಂದ.

ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಊರಿನ ಹೆಸರಿತ್ತು. ಓದಿಸಲು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರಾದ ವಾದಿರಾಜಾಚಾರ್ಯರನ್ನು ಕರೆದರು. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದ ಆಚಾರ್ಯರು ಕನ್ನಡಕ ಒರೆಸಿಕೊಂಡು ನೋಡಿದರು. ಮೊದಲಿಗೇ ಎರಡು ಎಲ್ಲು. ಆಮೇಲೆ ವೈ. ಆಮೇಲೆ ಎರಡು ಡಿ. ಒಂದೂ ಸ್ವರವಿಲ್ಲ.

"ಇದು ಹೆಸರಲ್ಲೋ ವೆಂಕೋಬ. ಅಚ್ಚಿನ ಮನಿಯವನ ಕೈ ಜಾರ್ಯದ," ಎಂದರು. ಕೆಳಗಿನ ಸಾಲು ಓದಿದ ಮೇಲೆ ಅವರ ಮುಖ ಅರಳಿತು. "ವೇಲ್ಸ್! ಇಂಗ್ಲೆಂಡಿನ ಮಗ್ಗಲ ಅದ. ಅಲ್ಲಿ ಮಂದಿಗಿಂತ ಕುರಿ ಜಾಸ್ತಿ. ವರ್ಷದಾಗ ಇನ್ನೂರು ದಿನ ಮಳಿ."

"ಇನ್ನೂರು ದಿನ?" ದಸ್ತಗೀರ್ ಸಾಬ್ ಕುಂಚ ಕೆಳಗಿಟ್ಟ. "ಅರಿವಿ ಎಲ್ಲಿ ಒಣಗಿಸ್ತಾರ್ರಿ ಆಚಾರ್ರ?"

ಆಚಾರ್ಯರು ಮತ್ತೊಮ್ಮೆ ಕನ್ನಡಕ ಒರೆಸಿಕೊಂಡರು.

ಇನ್ನೊಂದು ವಾದವೂ ನಡೆಯಿತು. ಕ್ಯಾಲೆಂಡರಿನ ಗುಡ್ಡಗಳಲ್ಲಿ ಬಂಡೆಗಲ್ಲೇ ಇರಲಿಲ್ಲ. ನಮ್ಮ ಕಡೆ ಗುಡ್ಡವೆಂದರೆ ಗುಂಡುಗಳ ರಾಶಿ. ಒಂದರ ಮೇಲೊಂದು ಈಗ ಬಿದ್ದಾವು ಆಗ ಬಿದ್ದಾವು ಎಂಬಂತೆ ಕೂತಿರುತ್ತವೆ. "ಗುಂಡಿಲ್ಲದ ಗುಡ್ಡ ಮಳಿಗಿ ಕರಗಿ ಹೋಗ್ತದ್ರಿ, ಅದೂ ಇನ್ನೂರು ದಿನ ಮಳಿ," ಎಂದು ದಸ್ತಗೀರ್ ಸಾಬ್ ಎಡಗಡೆಯ ಗುಡ್ಡಕ್ಕೆ ಮನೆಯಷ್ಟು ದೊಡ್ಡ ನಾಲ್ಕು ಗುಂಡು ಕೂಡಿಸಿದ. ಮುಂಭಾಗ ಬೋಳಾಗಿ ಕಂಡದ್ದರಿಂದ ಅಲ್ಲಿ ಮೂರು ದೊಡ್ಡ ಕುರಿಗಳನ್ನು ಸ್ವಂತ ಬುದ್ಧಿಯಿಂದ ಬರೆದ. ಹಂಪಯ್ಯನ ಫೋಟೋದಲ್ಲಿ ಆ ಮೂರೂ ಗಂಡ ಹೆಂಡಿರ ಹಿಂದೆ ಮರೆಯಾಗಿದ್ದವು. ಅವು ಕಂಡಿದ್ದರೆ ಅಯ್ಯಣ್ಣ ಊರು ಬಿಡುತ್ತಲೇ ಇರಲಿಲ್ಲ.

ಐದನೆಯ ದಿನ ಅಯ್ಯಣ್ಣನ ಹಿಂಡು ಸಿರವಾರ ದಾಟಿ ಮಾನ್ವಿಯ ಬಜಾರಿಗೆ ನುಗ್ಗಿತು. ದಾರಿಯುದ್ದಕ್ಕೂ ಅವನು ಫೋಟೋ ತೋರಿಸಿ ಕೇಳುತ್ತ ಬಂದಿದ್ದ. ಗುಡ್ಡ ಗುರುತಿಸಿದವರು ಒಬ್ಬರೂ ಇರಲಿಲ್ಲ; ಬೆನ್ನಿನ ಸ್ಟುಡಿಯೋ ಮುದ್ರೆ ಗುರುತಿಸಿದವರು ಬಹಳ ಜನ ಇದ್ದರು. ಹಾಗಾಗಿ ಅವನು ಸೀದಾ ಬಂದು ನಿಂತದ್ದು ವೆಂಕೋಬನ ಸ್ಟುಡಿಯೋದ ಬಾಗಿಲಿಗೆ. ಎಂಬತ್ತು ಕುರಿ ರಸ್ತೆ ತುಂಬಿದವು. ರಾಯಚೂರು ಬಸ್ಸು ಹಾರ್ನು ಹೊಡೆಯುತ್ತ ನಿಂತಿತು.

"ಈ ಹುಲ್ಲು ಎಲ್ಲದ್ರಿ?" ಎಂದು ಅಯ್ಯಣ್ಣ ಫೋಟೋ ಮುಂದೆ ಹಿಡಿದ.

ವೆಂಕೋಬನಿಗೆ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ. ಫೋಟೋ ತೆಗೆಸಲು ಬಂದ ಗಿರಾಕಿ ಎಂದುಕೊಂಡು, "ಒಳಗ ಅದ, ಬರ್ರಿ," ಎಂದುಬಿಟ್ಟ.

ಅಯ್ಯಣ್ಣನಿಗಿಂತ ಮೊದಲು ಒಳಹೋದದ್ದು ಅವನ ಟಗರು. ಅದರ ಹಿಂದೆ ಹನ್ನೆರಡು ಕುರಿ. ಮುಖಕ್ಕೆ ಪೌಡರು ಹಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯೊಬ್ಬ ಕಾಲೆರಡನ್ನೂ ಮೇಲೆತ್ತಿಕೊಂಡ. ಟಗರು ಪರದೆಯ ಬಳಿ ಹೋಗಿ, ವೇಲ್ಸಿನ ಹುಲ್ಲನ್ನು ಒಮ್ಮೆ ಮೂಸಿ, ತಿರುಗಿ ಹೊರಗೆ ಬಂತು. ಉಳಿದ ಕುರಿಗಳು ಮೂಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಅಯ್ಯಣ್ಣನಿಗೆ ಅಲ್ಲೇ ಎಲ್ಲ ಅರ್ಥವಾಯಿತು. ಆದರೂ ಮುಂದೆ ಹೋಗಿ ಒಂದು ಬೆರಳಿನಿಂದ ಗುಡ್ಡವನ್ನು ಮುಟ್ಟಿದ. ಗುಡ್ಡ ಅಲುಗಾಡಿತು. ಹೊಳೆಯೂ ಅಲುಗಾಡಿತು. ಅವನು ನೆಲದ ಮೇಲೆ ಕೂತುಬಿಟ್ಟ. ಮೋಸ ಹೋದೆನೆಂಬ ಸಿಟ್ಟಿಗಿಂತ, ಇದನ್ನು ಹೆಂಡತಿಯೆದುರು ಹೇಗೆ ಒಪ್ಪಿಕೊಳ್ಳುವುದೆಂಬ ಚಿಂತೆ ಅವನಿಗೆ ದೊಡ್ಡದಾಗಿತ್ತು.

ಆದರೆ ಕನಕಮ್ಮನ ಕಣ್ಣು ಹುಲ್ಲಿನ ಕಡೆ ಇರಲೇ ಇಲ್ಲ. ಅವಳು ಗೋಡೆಯ ಗೂಟಕ್ಕೆ ನೇತಾಡುತ್ತಿದ್ದ ಕೋಟನ್ನು ನೋಡುತ್ತಿದ್ದಳು. "ಇದು ನನ್ನ ತಮ್ಮನ ಕೋಟು!"

"ಅದು ಎಲ್ಲಾರ ಕೋಟವ್ವಾ," ಎಂದ ವೆಂಕೋಬ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರ ಆಸೆಯೂ ಮುಳುಗಿತ್ತು, ಹಾಗಾಗಿ ಯಾರೂ ಯಾರನ್ನೂ ಬೈಯುವಂತಿರಲಿಲ್ಲ. ಕನಕಮ್ಮ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ಆಗ ಅಯ್ಯಣ್ಣನಿಗೂ ಜೀವ ಬಂತು. ಬಂದ ಜೀವವೆಲ್ಲ ಪರದೆಯ ಮುಂಭಾಗದ ಮೂರು ಕುರಿಗಳ ಮೇಲೆ ಹರಿಯಿತು.

"ಇವನ್ನ ಬರದಾಂವ ಯಾರು?"

ಮೂಲೆಯಲ್ಲಿ ಬೋರ್ಡು ಬರೆಯುತ್ತಿದ್ದ ದಸ್ತಗೀರ್ ಸಾಬ್ ಎದ್ದು ನಿಂತ. "ನಾನs. ಯಾಕ?"

"ಕುರಿ ನೋಡೀಯೇನು ಸಾಬ?"

"ನೋಡೀನಿ. ತಿಂದೀನಿ."

"ಅದಕ್ಕs ಮತ್ತ. ತುಂಡು ತುಂಡು ಜೋಡಿಸಿದಂಗ ಅವ. ಹಿಂದಿನ ಕಾಲು ನೋಡು, ಮಣಕಾಲು ಮುಂದಕ್ಕ ಮಡಚ್ಯದ. ಹಿಂಗ ಮಡಚಿದ್ರ ಕುರಿ ಕುರ್ಚಿ ಮ್ಯಾಲ ಕೂಡ್ತದ, ಹುಲ್ಲು ಮೇಯಂಗಿಲ್ಲ."

ಇಡೀ ಮಾನ್ವಿಯಲ್ಲಿ ದಸ್ತಗೀರ್ ಸಾಬನ ಕೆಲಸಕ್ಕೆ ಹೀಗೆ ಎದುರಿಗೇ ತಪ್ಪು ಹುಡುಕಿದವರಿರಲಿಲ್ಲ. ಅವನ ಮುಖ ಕೆಂಪಾಯಿತು. ಅಷ್ಟರಲ್ಲಿ ಹೊರಗಿನಿಂದ ಒಂದು ಗಟ್ಟಿ ದನಿ ಕೇಳಿತು. ಕಾಲುವೆ ಬಂದಾಗ ಆಂಧ್ರದಿಂದ ಬಂದು, ವಲಸಿಗರ ಕ್ಯಾಂಪಿನಲ್ಲಿ ನೆಲೆಸಿ ಭತ್ತ ಬೆಳೆಯುತ್ತಿದ್ದ ಸುಬ್ಬರಾಜು, ನಿಂತ ಬಸ್ಸಿನಿಂದಲೇ ಇಳಿದು ಬಂದಿದ್ದ.

"ಏಮಯ್ಯಾ, ಈ ಕುರಿ ಯಾರ್ದು? ನಿಂದಾ? ಮಾ ಗದ್ದಿ ಕೊಯ್ದು ಖಾಲಿ ಬಿದ್ದದ. ಭತ್ತದ ಕೂಳಿ ಚಿಗುರ್ಯದ, ಹಸರು ಹಸರು. ಹಗಲು ಮೇಯಿಸು, ರಾತ್ರಿ ಗದ್ದಿಯಾಗೇ ನಿಲ್ಸು. ನನಗೆ ಗೊಬ್ಬರ ಕಾವಾಲಿ, ಬೇಕು."

ಹೀಗೆ ಅಯ್ಯಣ್ಣ ಹುಡುಕಿಕೊಂಡು ಬಂದ ಗುಡ್ಡ ಸಿಗಲಿಲ್ಲ, ಆದರೆ ಅವನ ಕುರಿ ಹಸಿದು ಮಲಗಲಿಲ್ಲ. ಕ್ಯಾಂಪಿನ ನೆಲ ಅಂಗೈಯಂತೆ ಸಪಾಟು. ಕಾಲುವೆಯ ಬಸಿ ನೀರು ನಿಂತಲ್ಲೆಲ್ಲ ಮೊಣಕಾಲೆತ್ತರ ಹುಲ್ಲು. ಕನಕಮ್ಮ ತಮ್ಮನ ಮನೆಗೆ ಹೋಗಿ, ಬೇರೆಯವರ ಕೋಟು ಹಾಕಿಕೊಂಡದ್ದಕ್ಕೆ ಅವನಿಗೆ ಹೊಸ ಹೆಂಡತಿಯ ಎದುರೇ ಮಂಗಳಾರತಿ ಮಾಡಿದಳು. "ಅಕ್ಕಾ, ಬರೇ ಅಂಗಿ ಮ್ಯಾಲ ನಿಂತ್ರ ಹಿಂದಿನ ಊರಿಗಿ ಹೊಂದೂದಿಲ್ಲ ಅಂದ್ರು," ಎಂದು ಹಂಪಯ್ಯ ತಲೆ ಕೆರೆದುಕೊಂಡ.

ಮೂರನೆಯ ದಿನ ಬೆಳಿಗ್ಗೆ ದಸ್ತಗೀರ್ ಸಾಬ್ ಸೈಕಲ್ ಮೇಲೆ ಕಾಗದದ ಸುರುಳಿ ಕಟ್ಟಿಕೊಂಡು ಗದ್ದೆಗೆ ಬಂದ. ಬದುವಿನ ಮೇಲೆ ಕೂತು ಕುರಿ ಬರೆಯತೊಡಗಿದ. ಅಯ್ಯಣ್ಣ ಒಂದು ಕುರಿಯನ್ನು ಹಿಡಿದು ತಂದು ಅವನ ಮುಂದೆ ನಿಲ್ಲಿಸಿ, ಹಿಂಗಾಲನ್ನು ಎತ್ತಿ ಮಡಚಿ ತೋರಿಸಿ, ಬಿಟ್ಟು ಹೋದ. ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೆಯ ದಿನ ಪರದೆಯ ಮೇಲೆ ಮೂರು ಹೊಸ ಕುರಿಗಳು ಬಂದವು. ಬಣ್ಣ ಮಾತ್ರ ಅಯ್ಯಣ್ಣನ ಕುರಿಗಳಂತೆ ಕಪ್ಪು. ಬಿಳಿ ಕುರಿಯನ್ನು ಕಣ್ಣಾರೆ ಕಾಣದೆ ಬರೆಯುವುದಿಲ್ಲವೆಂದು ದಸ್ತಗೀರ್ ಸಾಬ್ ಹಟ ಹಿಡಿದಿದ್ದ.

ಅಯ್ಯಣ್ಣ ಸಂಜೆ ಹೊತ್ತು ಸ್ಟುಡಿಯೋಗೆ ಬಂದು ಪರದೆಯ ಮುಂದೆ ಕೂರುವುದನ್ನು ರೂಢಿ ಮಾಡಿಕೊಂಡ. ಸುಳ್ಳೆಂದು ಗೊತ್ತಾದ ಮೇಲೂ ಆ ತಗ್ಗು, ಆ ಹೊಳೆ ಅವನನ್ನು ಬಿಟ್ಟಿರಲಿಲ್ಲ. ಯಾವಾಗ ವಾದಿರಾಜಾಚಾರ್ಯರು ಆ ಊರು ನಿಜವಾಗಿಯೂ ಇದೆ ಎಂದರೋ, ಅಂದಿನಿಂದ ಆಚಾರ್ಯರ ನೆಮ್ಮದಿ ಹೋಯಿತು.

"ಆಚಾರ್ರ, ಆ ಗ್ವಾಡಿ ಜಿಗದು ಕುರಿ ಹೋಗಂಗಿಲ್ಲೇನ್ರಿ?"

"ಹೋಗಲಿಕ್ಕಿಲ್ಲಪಾ."

"ತ್ವಾಳ ಬಂದ್ರ ಯಾರು ಕಾಯ್ತಾರ್ರಿ?"

"ತ್ವಾಳದ ವಿಚಾರ ಪಾಠದಾಗ ಇಲ್ಲ."

"ನನ್ನ ಕುರಿ, ಮಗ್ಗಲ ಮನಿಯವನ ಕುರಿ, ಎಲ್ಲಾ ಬೆಳ್ಳಗs ಇದ್ರ ಗುರ್ತು ಹ್ಯಾಂಗ ಹಿಡೀತಾರ್ರಿ? ಕಂಬಳಿ ತೊಯ್ದ್ರ ಏನು ಹೊಚ್ಕೋತಾರ್ರಿ?"

ಆಚಾರ್ಯರು ಶಾಲೆಯ ಭೂಗೋಳದ ಪುಸ್ತಕಗಳನ್ನೆಲ್ಲ ತೆಗೆದು ನೋಡಿದರು. ರಾಯಚೂರಿನ ಗ್ರಂಥಾಲಯಕ್ಕೂ ಹೋಗಿ ಬಂದರು. ಪುಸ್ತಕ ಬರೆದವರಲ್ಲಿ ಒಬ್ಬನೂ ಕುರಿ ಕಾಯ್ದಂತೆ ಕಾಣಲಿಲ್ಲ. ಕೊನೆಗೆ ಅವರು ಆ ಸ್ವರವಿಲ್ಲದ ಹೆಸರನ್ನು ಅಕ್ಷರ ಅಕ್ಷರವಾಗಿ ಲಕೋಟೆಯ ಮೇಲೆ ನಕಲು ಮಾಡಿ, ಅಯ್ಯಣ್ಣನ ಪ್ರಶ್ನೆಗಳನ್ನೆಲ್ಲ ಸೇರಿಸಿ ಆ ಊರಿನ ಅಂಚೆ ಮಾಸ್ತರರಿಗೆ ಒಂದು ಕಾಗದ ಬರೆದರು: ದಯವಿಟ್ಟು ಇದನ್ನು ಕುರಿ ಸಾಕಿದ ಯಾರಿಗಾದರೂ ಕೊಡಿ. ಜೊತೆಗೆ ವೆಂಕೋಬ ಒಂದು ಫೋಟೋ ತೆಗೆದುಕೊಟ್ಟ. ಪರದೆಯ ಮುಂದೆ ಅಯ್ಯಣ್ಣ ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ನಿಂತದ್ದು. ಕೋಟು ಹಾಕಿಕೊಳ್ಳೆಂದರೆ ಅವನು ಒಪ್ಪಲಿಲ್ಲ.

ಮೊದಲ ಮಳೆ ಬಿದ್ದ ಕೂಡಲೇ ಅಯ್ಯಣ್ಣ ಹಿಂಡು ಹೊಡೆದುಕೊಂಡು ಜಾಲಹಳ್ಳಿಗೆ ಮರಳಿದ. ಶ್ರಾವಣದಲ್ಲಿ ಬಸ್ಸಿನ ಕಂಡಕ್ಟರ್ ಸುದ್ದಿ ತಂದ: ಕಾಗದ ಬಂದಿದೆ, ಆಚಾರ್ಯರು ಕರೆಯುತ್ತಿದ್ದಾರೆ. ಗಂಡ ಹೆಂಡತಿ ಈ ಸಲ ಬಸ್ಸಿನಲ್ಲೇ ಹೋದರು.

ಸ್ಟುಡಿಯೋದಲ್ಲಿ ಎಲ್ಲರೂ ಸುತ್ತ ಕೂತರು. ಆಚಾರ್ಯರು ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳಿದರು. ಬರೆದವನ ಹೆಸರು ಇವಾನ್ಸ್. ಇನ್ನೂರ ಹತ್ತು ಕುರಿಯ ಒಡೆಯ. ಗೋಡೆ ಇರುವುದು ನಿಜ, ಆದರೆ ಕುರಿ ಅದನ್ನು ಜಿಗಿಯುತ್ತವೆ. ನನ್ನ ಅರ್ಧ ಆಯುಷ್ಯ ಬಿದ್ದ ಗೋಡೆ ಕಟ್ಟುವುದರಲ್ಲೇ ಕಳೆಯಿತು. ತೋಳ ಇಲ್ಲ, ಅಜ್ಜನ ಅಜ್ಜನ ಕಾಲಕ್ಕೂ ಇರಲಿಲ್ಲ. ಕುರಿಯ ಬೆನ್ನಿಗೆ ಬಣ್ಣ ಹಚ್ಚಿ ಗುರುತು ಹಿಡಿಯುತ್ತೇವೆ. ತೊಯ್ದ ಬಟ್ಟೆ ಒಣಗುವುದಿಲ್ಲ, ಹಾಗೇ ಹಾಕಿಕೊಳ್ಳುತ್ತೇವೆ.

"ನಾ ಅವತ್ತs ಕೇಳಿದ್ನಲ್ರಿ," ಎಂದ ದಸ್ತಗೀರ್ ಸಾಬ್.

ಸೇತುವೆಗೆ ಎರಡೇ ಕಮಾನು, ನೀವು ಮೂರು ಬರೆದಿದ್ದೀರಿ ಎಂದೂ ಇವಾನ್ಸ್ ಬರೆದಿದ್ದ. ಎಡಗಡೆಯ ಗುಡ್ಡದ ಮೇಲೆ ಅಷ್ಟು ದೊಡ್ಡ ಕಲ್ಲುಗಳನ್ನು ಯಾರು ಹೊತ್ತು ತಂದರೆಂದು ಕೇಳಿದ್ದ. ಆಮೇಲೆ ಫೋಟೋದಲ್ಲಿ ಕಾಣುವ ಒಂದೊಂದು ಹೊಲಕ್ಕೂ ಇರುವ ಹೆಸರನ್ನು ಬರೆದಿದ್ದ. ಹೊಳೆದಂಡೆಯದು ಕಾಗೆಯ ಹೊಲ. ಅದರ ಮೇಲಿನದು ವಿಧವೆಯ ಹೊಲ. ಗುಡ್ಡದ ತಲೆಯ ಮೇಲಿನದಕ್ಕೆ ಉಪವಾಸದ ಹೊಲವೆಂದು ಹೆಸರು, ಅಲ್ಲಿ ಏನೂ ಬೆಳೆಯುವುದಿಲ್ಲ.

ಅಯ್ಯಣ್ಣ ತಲೆಯಾಡಿಸಿದ. "ನಮ್ಮಲ್ಲೂ ಹಂಗs. ದೆವ್ವನ ಮಡ್ಡಿ, ಹುಣಸಿಕಟ್ಟಿ, ಮುದುಕಿ ಹೊಲ. ಹೆಸರಿಡದs ನೆಲ ಹ್ಯಾಂಗ ಕರೀಬೇಕು?"

ಕಾಗದದ ಕೊನೆಗೆ ಇವಾನ್ಸನ ತಾಯಿಯ ಮಾತಿತ್ತು. ಅವಳಿಗೆ ಎಂಬತ್ತನಾಲ್ಕು ವರ್ಷ, ಕಣ್ಣು ಮಂಜು. ಫೋಟೋ ನೋಡಿ, ಇವನು ನಮ್ಮ ಸೇತುವೆಯ ಬಳಿಯೇ ನಿಂತಿದ್ದಾನೆ, ಕಳೆದ ತಿಂಗಳ ಸಂತೆಯಲ್ಲಿ ಈ ಕಂಬಳಿಯವನನ್ನು ನಾನು ನೋಡಿದ್ದೆ ಎಂದು ಹಟ ಮಾಡುತ್ತಿದ್ದಾಳೆ. ಮನೆಯ ಮುಂದೆಯೇ ಬಂದವನನ್ನು ಒಳಗೆ ಕರೆದು ಚಹಾ ಕೊಡದೆ ಕಳಿಸಿದಿರೆಂದು ಎರಡು ವಾರದಿಂದ ನಮಗೆಲ್ಲ ಬೈಗುಳ.

ವೆಂಕೋಬ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಅಯ್ಯಣ್ಣ ನಗಲಿಲ್ಲ. "ಆಚಾರ್ರ, ಹಿಂಗ ಬರೀರಿ," ಎಂದ. "ಯವ್ವಾ, ತಪ್ಪು ನಂದು. ಕುರಿ ಹಿಂದ ಅವಸರದಾಗಿದ್ದೆ, ಅದಕ್ಕ ಒಳಗ ಬರಲಿಲ್ಲ. ಮಗಗ ಬೈಬ್ಯಾಡ. ಮುಂದಿನ ಸಲ ಬಂದಾಗ ಕುಂತು ಚಹಾ ಕುಡದs ಹೋಗ್ತೀನಿ."

"ಸುಳ್ಳು ಬರೀಲೇನೋ?" ಎಂದರು ಆಚಾರ್ಯರು.

"ಮುದುಕಿ ಮನಸಿಗಿ ಸಮಾಧಾನ ಆಗ್ಲಿ ಬರೀರಿ. ನಾ ಅಲ್ಲಿ ನಿಂತದ್ದು ಫೋಟೋದಾಗ ಅದ ನೋಡ್ರಿ."

ಆಚಾರ್ಯರು ಬರೆದರು. ಮುಂದಿನ ವರ್ಷಗಳಲ್ಲಿ ಹೋಗುವ ಬರುವ ಕಾಗದ ನಿಲ್ಲಲಿಲ್ಲ. ಹೋಳಿ ಮುಗಿಯುತ್ತಲೇ ಅಯ್ಯಣ್ಣನ ಹಿಂಡು ಸುಬ್ಬರಾಜುವಿನ ಗದ್ದೆಗೆ ಬರುವುದೂ ತಪ್ಪಲಿಲ್ಲ. ಅಷ್ಟರಲ್ಲಿ ದಸ್ತಗೀರ್ ಸಾಬನಿಗೆ ರಾಯಚೂರಿನ ಸ್ಟುಡಿಯೋಗಳಿಂದಲೂ ಪರದೆ ಬರೆಯಲು ಕರೆ ಬಂತು. ಎಲ್ಲ ಪರದೆಯಲ್ಲೂ ಯಾರೂ ಕೇಳದಿದ್ದರೂ ಅವನು ಕುರಿ ಬರೆಯುತ್ತಿದ್ದ.

1981ರಲ್ಲಿ ವೇಲ್ಸಿನಿಂದ ಒಂದು ಸಣ್ಣ ಪೊಟ್ಟಣ ಬಂತು. ಒಳಗೆ ಮಡಚಿದ ತಗಡಿನ ಚೂರು, ನಡುವೆ ತೂತು. ಇದು ನಾವು ನಾಯಿಗೆ ಊದುವ ಸೀಟಿ, ನಾಲಿಗೆಯ ಮೇಲಿಟ್ಟು ಊದಬೇಕು, ಎರಡು ಸಲ ಊದಿದರೆ ನಾಯಿ ಕುರಿಗಳನ್ನು ಎಡಕ್ಕೆ ತಿರುಗಿಸುತ್ತದೆ ಎಂದು ಇವಾನ್ಸ್ ಬರೆದಿದ್ದ. ಅಯ್ಯಣ್ಣ ಗದ್ದೆಯಲ್ಲಿ ನಿಂತು ಊದಿದ. ಉಗುಳು ಹಾರಿತು, ಸದ್ದು ಬರಲಿಲ್ಲ. ಹಂಪಯ್ಯ ಊದಿದ. ದಸ್ತಗೀರ್ ಸಾಬ್ ಊದಿದ. ಆಚಾರ್ಯರು ಎಂಜಲೆಂದು ಮುಟ್ಟಲಿಲ್ಲ, ಆದರೆ ಹೇಗೆ ಊದಬೇಕೆಂದು ಕಾಗದ ನೋಡಿ ಮೂರು ಸಲ ವಿವರಿಸಿದರು.

"ಕೊಡಿಲ್ಲೆ," ಎಂದು ಕನಕಮ್ಮ ಅದನ್ನು ಕಸಿದುಕೊಂಡು, ಸೆರಗಿನಲ್ಲಿ ಒರೆಸಿ, ಬಾಯಿಗೆ ಹಾಕಿ ಊದಿದಳು. ಕಾಲುವೆಯ ಆಚೆ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ನಾಯಿ ಒಮ್ಮೆ ಬೆಚ್ಚಿಬಿದ್ದು, ಅವಳ ಮುಖವನ್ನೇ ನೋಡುತ್ತ ಬಂದು ಕಾಲ ಬಳಿ ಕೂತಿತು. ಒಂದು ವಾರದಲ್ಲಿ ಅವಳು ಅದಕ್ಕೆ ಎಡ ಬಲ ಎರಡನ್ನೂ ಕಲಿಸಿದಳು. ಅಲ್ಲಿಂದ ಮುಂದೆ ನಾಯಿ ಅಯ್ಯಣ್ಣನ ಕೂಗಿಗೆ ಕಿವಿಗೊಡಲಿಲ್ಲ. ಕುರಿ ತಿರುಗಿಸಬೇಕಾದರೆ ಅವನು ಗದ್ದೆಯ ಆ ತುದಿಯಿಂದ ಈ ತುದಿಗೆ ಬಂದು, ಅಡುಗೆ ಮಾಡುತ್ತಿದ್ದ ಹೆಂಡತಿಯ ಎದುರು ನಿಂತು ಕೇಳಿಕೊಳ್ಳಬೇಕಾಗುತ್ತಿತ್ತು. ಅವಳು ರೊಟ್ಟಿ ಬೇಯಿಸಿ ಮುಗಿಸಿ, ಕೈ ತೊಳೆದುಕೊಂಡು, ಆಮೇಲೆ ಊದುತ್ತಿದ್ದಳು.